ಹಗ್ಗ ಬಿಗಿದ ಹೊತ್ತೂ ದುಡಿಮೆಯೇ

ಲಾರಿ ಡ್ರೈವರನ ದುಡಿಮೆ ಸ್ಟೇರಿಂಗ್ ಹಿಡಿದ ಮೇಲೆ ಶುರುವಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಮಾಲಕರೂ ಹಾಗೇ ತಿಳಿದಿದ್ದರು, ಅಥವಾ ಹಾಗೆ ತಿಳಿದುಕೊಳ್ಳುವುದು ಅವರಿಗೆ ಅನುಕೂಲವಾಗಿತ್ತು. ಆದರೆ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಬೆಳಗಿನಲ್ಲೇ ಹೋಗಿ ನಂಬರ್ ಹಚ್ಚುವವನು ಡ್ರೈವರನೇ. ಖಾಲಿ ಗಾಡಿಯ ತೂಕಕ್ಕೆ ಕಾಟಾ ಮಾಡಿಸುವವನು, ಹಮಾಲರು ಬರುವ ತನಕ ಕಾಯುವವನು, ಅವರು ಚೀಲ ಎಣಿಸಿ ಒಟ್ಟುವಾಗ ಪಕ್ಕದಲ್ಲಿ ನಿಂತು ಲೆಕ್ಕ ಇಡುವವನು ಅವನೇ. ತುಂಬಿದ ಗಾಡಿಯನ್ನು ಮತ್ತೆ ಕಾಟಾ ಮಾಡಿಸಿ, ಸರಕಿನ ರಸೀದಿ ಅಂದರೆ ಬಿಲ್ಟಿ ಬರೆಸಿ, ಮೇಲೇರಿ ತಾಡಪತ್ರಿ ಹೊಚ್ಚಿ, ಹಗ್ಗ ಎಳೆದು ಬಿಗಿದು, ಟೈರು ಬಡಿದು ನೋಡಿ ಹೊರಡುವ ಹೊತ್ತಿಗೆ ಒಂದು ದಿನದ ಕೆಲಸ ಮುಗಿದಿರುತ್ತದೆ. ಆಗ ಎರಡನೆಯ ದಿನದ ಕೆಲಸ ಶುರು. ಅದು ರಾತ್ರಿಯ ಕೆಲಸ. ಮಾಲಕರು ಲೆಕ್ಕ ಹಿಡಿಯುವುದು ಅದನ್ನೊಂದನ್ನೇ, ಅದೂ ತಾಸಿನ ಲೆಕ್ಕದಲ್ಲಿ ಅಲ್ಲ, ಟ್ರಿಪ್ಪಿನ ಲೆಕ್ಕದಲ್ಲಿ.

ಲೆಕ್ಕಕ್ಕೇ ಬರದ ಅಂಥ ಒಂದು ಕೆಲಸದಲ್ಲಿ ನನ್ನ ಬಲಗಾಲು ಹೋಯಿತು. ಅದು ಕೆಲಸವೇ ಹೌದು ಎಂದು ಒಪ್ಪಿಸಲು ಮೂರು ವರ್ಷ ಹಿಡಿಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮೂರು ಸೊನ್ನ. ಕಲಬುರಗಿ ಜಿಲ್ಲೆ, ಅಫಜಲಪುರ ತಾಲೂಕು. ಭೀಮಾ ನದಿಗೆ ಕಟ್ಟಿದ ಬ್ಯಾರೇಜಿನಿಂದ ಊರಿನ ಹೆಸರು ಆಗಾಗ ಪೇಪರಿನಲ್ಲಿ ಬರುತ್ತದೆ, ಹೆಚ್ಚಾಗಿ ಪ್ರವಾಹ ಬಂದಾಗ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಮತ್ತು ವೀರ ಜಲಾಶಯಗಳಿಂದ ಬಿಟ್ಟ ನೀರು ಒಮ್ಮೆಲೇ ಇಳಿದು ಬಂದಾಗ ಹೊಳೆದಂಡೆಯ ಊರುಗಳೆಲ್ಲ ನೀರಿನಲ್ಲಿ ನಿಂತವು. ನಮಗೆ ಇದ್ದ ಸ್ವಲ್ಪ ಭೂಮಿಯಲ್ಲಿ ತೊಗರಿ ಹೋಯಿತು, ಮೇಲ್ಮಣ್ಣೂ ಕೊಚ್ಚಿಕೊಂಡು ಹೋಯಿತು. ಅದಕ್ಕೂ ಮೊದಲು ನಾನು ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ, ಉಳಿದ ದಿನ ಹೊಲ ನೋಡುತ್ತಿದ್ದೆ. ಹೆವಿ ಲೈಸೆನ್ಸ್ ಇತ್ತು. ಪ್ರವಾಹದ ಮರುವರ್ಷ ಹೊಲವನ್ನು ತಮ್ಮನಿಗೆ ಬಿಟ್ಟು ನಾನು ಲಾರಿ ಹತ್ತಿದೆ.

ಮಾಲಕರ ಹತ್ತಿರ ಏಳೆಂಟು ಗಾಡಿಗಳಿದ್ದವು. ಕೆಟ್ಟ ಮನುಷ್ಯರೆಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ಕೊಡಿಸುತ್ತಿದ್ದರು, ಮದುವೆ ಮುಂಜಿಗೆ ಕೈಗಡ ಕೊಡುತ್ತಿದ್ದರು. ಕೊಡದೇ ಇದ್ದದ್ದು ಕಾಗದ. ನೇಮಕ ಪತ್ರ ಇಲ್ಲ, ಹಾಜರಿ ಪುಸ್ತಕ ಇಲ್ಲ, ಪಗಾರ ಚೀಟಿ ಇಲ್ಲ. ಟ್ರಿಪ್ಪಿಗೆ ಇಷ್ಟು, ದಾರಿ ಖರ್ಚಿಗೆ ಇಷ್ಟು ಎಂದು ಬಾಯಿಮಾತು. ಮೊದಲು ಗಾಡಿಗೊಬ್ಬ ಕ್ಲೀನರ್ ಇರುತ್ತಿದ್ದ. ಡೀಸೆಲ್ ದರ ಏರಿ ಬಾಡಿಗೆ ಏರದೇ ಹೋದಾಗ ಮೊದಲು ಕಡಿತವಾದವನು ಆ ಕ್ಲೀನರ್. ಅವನು ಮಾಡುತ್ತಿದ್ದ ಕೆಲಸವೆಲ್ಲ ಡ್ರೈವರನ ತಲೆಗೆ ಬಂತು. ಪಗಾರ ಮಾತ್ರ ಇದ್ದಲ್ಲೇ ಇತ್ತು.

2022ರ ಜುಲೈ ಕೊನೆ. ಸಕ್ಕರೆ ಸಾಗಿಸುವವರಿಗೆ ತಿಂಗಳ ಕೊನೆ ಅಂದರೆ ಏನೆಂದು ಗೊತ್ತಿರುತ್ತದೆ. ಯಾವ ಕಾರ್ಖಾನೆ ಒಂದು ತಿಂಗಳಲ್ಲಿ ಎಷ್ಟು ಸಕ್ಕರೆ ಮಾರಬಹುದು ಎಂಬುದನ್ನು 2018ರಿಂದ ಕೇಂದ್ರ ಸರ್ಕಾರವೇ ಗೊತ್ತು ಮಾಡುತ್ತದೆ. ಆ ತಿಂಗಳ ಕೋಟಾ ಆ ತಿಂಗಳಲ್ಲೇ ಹೊರಗೆ ಹೋಗಬೇಕು. ಹೀಗಾಗಿ ಕೊನೆಯ ವಾರ ಗೇಟಿನ ಮುಂದೆ ಲಾರಿಗಳ ಸಾಲು, ಎಲ್ಲರಿಗೂ ಅವಸರ. ದಿಲ್ಲಿಯಲ್ಲಿ ಹೊರಟ ಆ ಅವಸರ ಕಾರ್ಖಾನೆಗೆ ಬಂದು, ಅಲ್ಲಿಂದ ದಲಾಲರಿಗೆ, ದಲಾಲರಿಂದ ಮಾಲಕರಿಗೆ, ಮಾಲಕರಿಂದ ನಮ್ಮ ಫೋನಿಗೆ ಇಳಿಯುತ್ತದೆ. ನಮ್ಮಿಂದ ಕೆಳಗೆ ಯಾರೂ ಇಲ್ಲ.

ಹಿಂದಿನ ರಾತ್ರಿಯೇ ಇನ್ನೊಂದು ಟ್ರಿಪ್ ಮುಗಿಸಿ ಬಂದಿದ್ದೆ. ಮನೆಗೆ ಹೋಗಲಿಲ್ಲ, ಕ್ಯಾಬಿನ್ನಿನಲ್ಲೇ ಸ್ವಲ್ಪ ಮಲಗಿ ಬೆಳಗ್ಗೆ ಏಳರ ಸುಮಾರಿಗೆ ಸಾಲಿನಲ್ಲಿ ನಿಂತೆ. ನನ್ನ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಹನ್ನೆರಡು ಚಕ್ರದ ಗಾಡಿ, 50 ಕಿಲೋದ 500 ಚೀಲ, 25 ಟನ್. ಹೊರಟಾಗ ರಾತ್ರಿ ಎಂಟು. ಹೋಗಬೇಕಾದದ್ದು ವಾಶಿಗೆ, ನವಿ ಮುಂಬಯಿಯ ಮಾರ್ಕೆಟ್ಟಿಗೆ. ನಮ್ಮಿಂದ 500 ಕಿಲೋಮೀಟರಿನ ಆಸುಪಾಸು. ಮಾಲಕರ ಮಾತು ಒಂದೇ: "ತಮ್ಮಾ, ನಾಳಿ ಮಧ್ಯಾಹ್ನದೊಳಗ ಮಾಲ್ ಖಾಲಿ ಆಗಬೇಕು ನೋಡು."

ದುಧನಿ, ಅಕ್ಕಲಕೋಟ, ಸೊಲ್ಲಾಪುರ. ಅಲ್ಲಿಂದ ಪುಣೆ ಹೆದ್ದಾರಿ. ಸಾವಳೇಶ್ವರ, ವರವಡೆ, ಸರಡೇವಾಡಿ, ಪಾಟಸ್ ಟೋಲ್ ನಾಕಾಗಳು ಒಂದಾದ ಮೇಲೊಂದು ದಾಟಿದವು. ಇಂದಾಪುರದ ಈಚೆಗೆ ಮಳೆ ಹಿಡಿಯಿತು. ಪಾಟಸ್ ದಾಟಿದ ಮೇಲೆ ಗಾಳಿಯೂ ಜೋರಾಯಿತು, ತಾಡಪತ್ರಿಯ ಒಂದು ಮೂಲೆ ಬಿಚ್ಚಿ ಪಟಪಟ ಬಡಿಯುವ ಸದ್ದು ಕ್ಯಾಬಿನ್ನಿಗೆ ಕೇಳತೊಡಗಿತು. ಸಕ್ಕರೆ ಸಾಗಿಸುವ ಡ್ರೈವರನಿಗೆ ಆ ಸದ್ದು ಕೇಳಿದರೆ ಹೊಟ್ಟೆಯೊಳಗೆ ಸಂಕಟ. ಸಿಮೆಂಟ್ ತೊಯ್ದರೆ ಗಟ್ಟಿಯಾಗುತ್ತದೆ, ಸಕ್ಕರೆ ತೊಯ್ದರೆ ಕಣ್ಣೆದುರಿಗೇ ಕರಗಿ ಹರಿಯುತ್ತದೆ. ತೊಯ್ದ ಚೀಲದ ದುಡ್ಡು ನಮ್ಮ ಟ್ರಿಪ್ಪಿನ ದುಡ್ಡಿನಲ್ಲಿ ಮುರಿದುಕೊಳ್ಳುವುದು ರೂಢಿ.

ಯವತ್ ಹತ್ತಿರ ಒಂದು ಧಾಬಾದ ಮುಂದೆ ಗಾಡಿ ಹಚ್ಚಿದೆ. ರಾತ್ರಿ ಎರಡೂವರೆ ಮೂರು ಗಂಟೆ ಇರಬೇಕು. ಮಾಲಕರಿಗೆ ಫೋನ್ ಮಾಡಿದೆ. ಎತ್ತಿದರು. ತೊಯ್ಯಲು ಬಿಡಬೇಡ, ಮೇಲೇರಿ ಕಟ್ಟು ಎಂದರು. ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು ಹತ್ತಿದೆ. ಚೀಲದ ಮೇಲೆ ತಾಡಪತ್ರಿ, ತಾಡಪತ್ರಿ ಮೇಲೆ ನೀರು. ಮೂಲೆ ಹಿಡಿದು ಎಳೆದೆ, ಹಗ್ಗ ಸುತ್ತಿ ಮೈಭಾರ ಹಾಕಿ ಬಿಗಿಯುವಾಗ ಹಗ್ಗ ಹರಿಯಿತು. ಹತ್ತಡಿಗೂ ಮೇಲಿಂದ ಹಿಂದಕ್ಕೆ ಬಿದ್ದೆ. ಕಾಲು ಮೊದಲು ನೆಲಕ್ಕೆ ಬಡಿಯಿತು, ಆಮೇಲೆ ಸೊಂಟ. ಬಿದ್ದಾಗಿನ ನೋವು ನೆನಪಿಲ್ಲ. ಎದ್ದೇಳಲು ಬಲಗಾಲು ಊರಿದಾಗ ಬಂದ ನೋವು ಇವತ್ತಿಗೂ ನೆನಪಿದೆ.

ಧಾಬಾದ ಹುಡುಗರು ಮತ್ತು ತಮಿಳುನಾಡು ಗಾಡಿಯ ಇಬ್ಬರು ಡ್ರೈವರುಗಳು ನನ್ನನ್ನು ಎತ್ತಿ ಒಂದು ಟೆಂಪೋದಲ್ಲಿ ಹಾಕಿ ಆಸ್ಪತ್ರೆಗೆ ಒಯ್ದರು. ಅವರ ಹೆಸರು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೇಸ್ ಪೇಪರಿನಲ್ಲಿ ಅಲ್ಲಿಯ ಡಾಕ್ಟರು ಲಾರಿಯ ಮೇಲಿಂದ ಬಿದ್ದು ಗಾಯ ಎಂದು ಮರಾಠಿಯಲ್ಲಿ ಬರೆದರು, ಗಾಡಿ ನಂಬರನ್ನೂ ಕೇಳಿ ಬರೆದುಕೊಂಡರು. ಆ ಒಂದು ಸಾಲು ಮುಂದೆ ನನ್ನ ಕೈ ಹಿಡಿಯಿತು.

ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಗಿತ್ತು. ಸೊಂಟದ ಮೇಲಿನ ಒಂದು ಮಣಿ ಜಜ್ಜಿತ್ತು. ಎತ್ತರದಿಂದ ಬಿದ್ದವರಿಗೆ ಇವೆರಡೂ ಜೊತೆಯಾಗಿ ಆಗುವುದು ಬಹಳ ಎಂದು ಡಾಕ್ಟರು ಹೇಳಿದರು. ಪ್ಲೇಟು, ಸ್ಕ್ರೂ ಹಾಕಿದರು. ಡ್ರೈವರನಿಗೆ ಬಲಗಾಲು ಅಂದರೆ ಬ್ರೇಕು ಮತ್ತು ಎಕ್ಸಲೇಟರು. ಇಪ್ಪತ್ತೈದು ಟನ್ ಹೊತ್ತು ಘಾಟು ಇಳಿಯುವ ಗಾಡಿಯ ಬ್ರೇಕನ್ನು ನೋವಿನ ಕಾಲಿನಿಂದ ಒತ್ತಲಾಗದು. ಆಪರೇಷನ್ ಮಾಡಿದ ಡಾಕ್ಟರಿಗೆ ನಾನು ಕೇಳಿದ್ದು ಅದೊಂದೇ: ಮತ್ತೆ ಗಾಡಿ ಹೊಡೆಯಬಹುದಾ? ಅವರು, ನಡೆಯೋದು ಮೊದಲು ನೋಡೋಣ ಎಂದರು.

ಮಾಲಕರು ಬಂದರು. ಒಂದಿಷ್ಟು ದುಡ್ಡನ್ನು ನನ್ನ ಹೆಂಡತಿಯ ಕೈಯಲ್ಲಿ ಕೊಟ್ಟರು. ಎರಡನೆಯ ಸಲ ಬಂದಾಗ ಕೊಟ್ಟದ್ದು ಕಡಿಮೆ. ಮೂರನೆಯ ಸಲ ಬರಲಿಲ್ಲ, ನಾವೇ ಹೋದೆವು. ಕುಂಟುತ್ತಾ ಅವರ ಆಫೀಸಿನ ಮೆಟ್ಟಿಲು ಹತ್ತಿದಾಗ ಕುರ್ಚಿ ಹಾಕಿ ಕೂಡಿಸಿದರು, ಚಹಾ ತರಿಸಿದರು.

"ಗಾಡಿ ಬಡದಿದ್ರ ಇನ್ಶೂರೆನ್ಸ್ ಬರ್ತಿತ್ತು ತಮ್ಮಾ. ನೀ ಮ್ಯಾಲಿಂದ ಬಿದ್ದೀದಿ. ಗಾಡಿ ನಿಂತಿತ್ತು. ಇದಕ್ಕ ಯಾವ ಕೇಸೂ ಆಗಂಗಿಲ್ಲ. ನಸೀಬ ಅನಬೇಕು."

"ಮಾಲಕರೇ, ನೀವೇ ಕಟ್ಟಂದ್ರಿ, ಅದಕ್ಕ ಹತ್ತಿದೆ."

"ನಾ ಅಂದೆ. ಹುಷಾರಿಂದ ಹತ್ತಬೇಕಾಗಿತ್ತು. ಅಲ್ಲದ ನೀ ಟ್ರಿಪ್ಪಿನ ಮ್ಯಾಲ ಬರಾವ, ನಮ್ಮ ಕಡೆ ನೌಕರಿ ಅಂತ ಎಲ್ಲಿ ಬರದದ?"

ಆ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಹತ್ತಿತು. ಅವರ ಪ್ರಕಾರ ಅದು ಸಹಜವಾದ ಮಾತು. ನಾನೂ ನಂಬಿಬಿಟ್ಟೆ. ಒಂದೂವರೆ ವರ್ಷ ನಂಬಿಕೊಂಡೇ ಇದ್ದೆ. ನನ್ನ ಹೆಂಡತಿ ಹತ್ತಿ ಬಿಡಿಸಲು, ಕಳೆ ತೆಗೆಯಲು ಕೂಲಿಗೆ ಹೋಗತೊಡಗಿದಳು. ದೊಡ್ಡ ಮಗ ಎಂಟನೆಯ ತರಗತಿಯಲ್ಲಿದ್ದವನು ಶಾಲೆ ತಪ್ಪಿಸಿ ಕಾಕಾನ ಜೊತೆ ಟ್ರ್ಯಾಕ್ಟರ್ ಮೇಲೆ ಹೋಗುವುದನ್ನು ಕಲಿತ. ನಮ್ಮವ್ವ ಮಾತಾಡುತ್ತಿರಲಿಲ್ಲ, ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂಡುತ್ತಿದ್ದಳು. ಆಪರೇಷನ್ನಿಗೆ ಮಾಡಿದ ಸಾಲಕ್ಕೆ ಬಡ್ಡಿ ಏರುತ್ತಿತ್ತು. ಗಂಡಸು ಮನೆಯಲ್ಲಿ ಕುಳಿತರೆ ಊರು ಹೇಗೆ ನೋಡುತ್ತದೆ ಎಂಬುದನ್ನು ಬರೆದು ತೋರಿಸಲು ಬರುವುದಿಲ್ಲ.

2024ರ ಜನವರಿ ಒಂದು ಮತ್ತು ಎರಡರಂದು ದೇಶದ ಹಲವು ಕಡೆ ಲಾರಿ ಡ್ರೈವರುಗಳು ಗಾಡಿ ನಿಲ್ಲಿಸಿದರು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಬಡಿದು ಓಡಿಹೋದ ಡ್ರೈವರನಿಗೆ ಹತ್ತು ವರ್ಷದ ತನಕ ಜೈಲು ಎಂದು 106ನೆಯ ಕಲಮಿನ ಎರಡನೆಯ ಭಾಗದಲ್ಲಿ ಬರೆದಿದ್ದರು, ಅದರ ವಿರುದ್ಧ. ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದಾಗ ಸರ್ಕಾರ ಮಾತುಕತೆಗೆ ಕೂತಿತು. ಆ ಭಾಗವನ್ನು ಇನ್ನೂ ಜಾರಿ ಮಾಡಿಲ್ಲ, ಸಾರಿಗೆಯವರನ್ನು ಕೇಳಿಯೇ ಮುಂದಿನದು ಎಂದಿತು. ಟೀವಿ ನೋಡುತ್ತಾ ನನಗೆ ಅನಿಸಿದ್ದು: ಡ್ರೈವರನಿಗೆ ಎಷ್ಟು ವರ್ಷ ಜೈಲು ಎಂದು ಎರಡು ದಿನ ಇಡೀ ದೇಶ ಮಾತಾಡಿತು. ಅವನು ಎಷ್ಟು ತಾಸು ಎಚ್ಚರ ಇದ್ದ ಎಂದು ಒಬ್ಬರೂ ಕೇಳಲಿಲ್ಲ.

ಆ ದಿನಗಳಲ್ಲೇ ದೊಡ್ಡಪ್ಪನ ಮಗ ಮನೆಗೆ ಬಂದ. ಅಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರ್. 2021ರ ಏಪ್ರಿಲ್ 7ರಿಂದ ಎರಡು ವಾರ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಆರನೆಯ ವೇತನ ಆಯೋಗದ ಪಗಾರ ಕೇಳಿ ಮುಷ್ಕರ ಮಾಡಿದಾಗ ಅವನೂ ಅದರಲ್ಲಿದ್ದ. ಹೈಕೋರ್ಟ್ ಹೇಳಿದ ಮೇಲೆ ಬಸ್ಸುಗಳು ಮತ್ತೆ ಹೊರಟವು. ಆ ಮುಷ್ಕರದಲ್ಲಿ ಕೇಳಿದ್ದು ಸಿಗಲಿಲ್ಲ, ಅನೇಕರಿಗೆ ವಜಾ, ವರ್ಗಾವಣೆ ಆದವು. ಆದರೂ ಅವನಿಗೆ ಕಾನೂನಿನ ಪರಿಚಯ ಇತ್ತು, ಡ್ಯೂಟಿ ಚಾರ್ಟ್ ಅಂದರೇನು, ಓವರ್‌ಟೈಮ್ ಅಂದರೇನು ಎಂದು ಗೊತ್ತಿತ್ತು. ನನ್ನ ಕಥೆ ಪೂರ್ತಿ ಕೇಳಿದ. ಕೇಳಿ ಅವನು ಮೊದಲು ಕೇಳಿದ್ದು ತಾರೀಕು.

"ಬಿದ್ದದ್ದು ಯಾವಾಗ?"

"ಹೋದ ವರ್ಷದ ಹಿಂದಿನ ಜುಲೈ."

"ಎರಡು ವರ್ಷದೊಳಗ ಅರ್ಜಿ ಹಾಕಬೇಕು. ಇನ್ನೂ ಟೈಮ್ ಅದ. ಏಳು, ನಾಳೆ ಅಫಜಲಪುರಕ್ಕ ಹೋಗೂಣು."

ಅಫಜಲಪುರದ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಅಂಥದ್ದು ಹೆಚ್ಚಿನ ತಾಲೂಕುಗಳಲ್ಲಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರು, ಪರಿಶಿಷ್ಟರು, ಅಂಗವಿಕಲರು, ಕಾರ್ಮಿಕರು, ವರಮಾನ ಕಡಿಮೆ ಇರುವವರು ಇಂಥವರಿಗೆಲ್ಲ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ನನಗೆ ಒಬ್ಬ ವಕೀಲರನ್ನು ಕೊಟ್ಟರು. ಅವರು ಮೊದಲ ದಿನವೇ ಹೇಳಿದ ಮೂರು ಮಾತು ನನ್ನ ಒಂದೂವರೆ ವರ್ಷದ ನಂಬಿಕೆಯನ್ನು ಕಿತ್ತು ಹಾಕಿದವು.

1923ರಷ್ಟು ಹಳೆಯದೊಂದು ಕಾಯ್ದೆ ಆಗ ಇತ್ತು, ನೌಕರರ ಪರಿಹಾರ ಕಾಯ್ದೆ. ಕೆಲಸದ ಸಲುವಾಗಿ, ಕೆಲಸದ ಹೊತ್ತಿನಲ್ಲಿ ಆದ ಗಾಯಕ್ಕೆ ಮಾಲಕ ಪರಿಹಾರ ಕೊಡಬೇಕಾಗಿತ್ತು. ಗಾಡಿ ಬಡಿದಿರಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಯಾರ ತಪ್ಪು ಎಂಬ ಪ್ರಶ್ನೆಯೂ ಅಲ್ಲಿ ದೊಡ್ಡದಾಗಿರಲಿಲ್ಲ. ಇದು ಒಂದು. ನಮ್ಮ ಲಾರಿಗೆ ಮಾಡಿಸಿದ್ದ ವಿಮೆಯಲ್ಲೇ ಪಗಾರದ ಡ್ರೈವರನಿಗೆ ಈ ಕಾಯ್ದೆಯಡಿ ಸಿಗಬೇಕಾದ ಪರಿಹಾರವೂ ಸೇರಿತ್ತು. ಅಂದರೆ ಮಾಲಕರು ತಮ್ಮ ಕಿಸೆಯಿಂದ ಕೊಡಬೇಕಾಗಿಯೇ ಇರಲಿಲ್ಲ. ವಿಮಾ ಕಂಪನಿಗೆ ಒಂದು ಕಾಗದ ಬರೆದಿದ್ದರೆ ಸಾಕಿತ್ತು. ಇದು ಎರಡು. ಬಿದ್ದದ್ದು ಮಹಾರಾಷ್ಟ್ರದಲ್ಲಾದರೂ ಅರ್ಜಿಯನ್ನು ನಾನಿರುವ ಕಡೆಯೇ ಹಾಕಬಹುದು. ಇದು ಮೂರು.

ಎರಡನೆಯ ಮಾತು ಕೇಳಿದಾಗ ಎದೆಯೊಳಗೆ ಏನೋ ಕುಸಿದ ಹಾಗಾಯಿತು. ಮಾಲಕರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವಾಗಿತ್ತೋ, ನಾನು ಇವತ್ತಿಗೂ ಕೇಳಿಲ್ಲ.

ಇನ್ನು ಸಾಕ್ಷಿ. ನಾನು ನೌಕರನೇ ಎಂದು ತೋರಿಸಬೇಕು, ಆ ರಾತ್ರಿ ಆ ಗಾಡಿಯ ಮೇಲೆ ನಾನೇ ಇದ್ದೆ ಎಂದು ತೋರಿಸಬೇಕು. ಕಾಗದ ಒಂದೂ ಇಲ್ಲ ಎಂದೆ. ವಕೀಲರು ಫೋನ್ ತೆಗೆ ಎಂದರು. ಒಡೆದ ಗಾಜಿನ ಆ ಹಳೆಯ ಫೋನಿನಲ್ಲಿ ಎಲ್ಲವೂ ಇತ್ತು. ಪ್ರತಿ ಲೋಡಿಗೂ ಮಾಲಕರಿಗೆ ಕಳಿಸಿದ ಬಿಲ್ಟಿಯ ಫೋಟೋ, ಕಾಟಾ ಚೀಟಿಯ ಫೋಟೋ, ಎಲ್ಲಿದೀ ಎಂದು ಅವರು ಕೇಳಿದ ವಾಟ್ಸಾಪ್ ಸಂದೇಶ, ಫೋನ್‌ಪೇಯಲ್ಲಿ ಅವರು ಹಾಕಿದ ದಾರಿ ಖರ್ಚು, ತಿಂಗಳು ತಿಂಗಳು. ಫಾಸ್ಟ್ಯಾಗಿನ ಲೆಕ್ಕ ಮಾಲಕರ ಹೆಸರಿನಲ್ಲಿತ್ತು, ಅದನ್ನು ಕೋರ್ಟಿನ ಮೂಲಕ ತರಿಸಿದರು. ಗಾಡಿ ಯಾವ ನಾಕಾ ಎಷ್ಟು ಗಂಟೆಗೆ ದಾಟಿತು ಎಂಬುದು ಅದರಲ್ಲಿ ಸಾಲು ಸಾಲಾಗಿತ್ತು. ಆಸ್ಪತ್ರೆಯ ಬಿಲ್ಲುಗಳನ್ನು ನನ್ನ ಹೆಂಡತಿ ಒಂದನ್ನೂ ಬಿಡದೆ ಟ್ರಂಕಿನಲ್ಲಿ ಇಟ್ಟಿದ್ದಳು. ಔಷಧದ ಖರ್ಚನ್ನೂ ಬಿಲ್ಲು ಇದ್ದಷ್ಟು ಕೊಡಬೇಕೆಂದು ಆ ಕಾಯ್ದೆಯಲ್ಲಿತ್ತು. ಓದು ಬಾರದ ಹೆಣ್ಣುಮಗಳು ಇಟ್ಟ ಆ ಕಟ್ಟನ್ನು ವಕೀಲರು ಕೈಯಲ್ಲಿ ಹಿಡಿದು ತಿರುವಿ, ಅಕ್ಕಾ, ನಿಮ್ಮಿಂದ ಕೇಸ್ ನಿಂತಿತು ಎಂದರು.

ಆ ಕಾಗದಗಳ ನಡುವೆ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಕೂಡ ಇತ್ತು. ಅದರಲ್ಲಿ ಸರಕಿಗೆ ಅವಧಿ ಬರೆದಿರುತ್ತದೆ. 2021ರ ಜನವರಿಯಿಂದ ಆ ಲೆಕ್ಕ 200 ಕಿಲೋಮೀಟರಿಗೆ ಒಂದು ದಿನ. ನಮ್ಮ ದೂರಕ್ಕೆ ಮೂರು ದಿನ ಬರುತ್ತಿತ್ತು. ಸರಕಿಗೆ ಮೂರು ದಿನ ಕೊಟ್ಟಿದ್ದಾರೆ, ಸರಕು ಒಯ್ಯುವವನಿಗೆ ಒಂದು ರಾತ್ರಿ. ಆ ಕಾಗದ ಅಷ್ಟು ಟ್ರಿಪ್ಪಿನಲ್ಲೂ ನನ್ನ ಡ್ಯಾಶ್‌ಬೋರ್ಡಿನ ಮೇಲೇ ಬಿದ್ದಿರುತ್ತಿತ್ತು.

ವಿಚಾರಣೆಯಲ್ಲಿ ವಿಮಾ ಕಂಪನಿಯ ವಕೀಲರು ಕೇಳಿದರು.

"ಗಾಡಿ ನಿಂತಿತ್ತು, ಹೌದಲ್ಲ?"

"ಹೌದ್ರಿ."

"ಎಂಜಿನ್ ಬಂದ್ ಇತ್ತು?"

"ಇತ್ತ್ರಿ."

"ಅಂದರೆ ನೀವು ಡ್ರೈವರ್ ಕೆಲಸ ಮಾಡುತ್ತಿರಲಿಲ್ಲ."

"ತಾಡಪತ್ರಿ ಕಟ್ತಿದ್ದೆ ರೀ."

"ತಾಡಪತ್ರಿ ಕಟ್ಟೋದು ಡ್ರೈವರನ ಕೆಲಸವಾ?"

"ಗಾಡ್ಯಾಗ ನಾ ಒಬ್ಬನೇ ಇದ್ದೆ ರೀ. ಮತ್ತ್ಯಾರ ಕೆಲಸ ರೀ ಅದು?"

ಅವರು ಮುಂದಿನ ಪ್ರಶ್ನೆಗೆ ಹೋದರು. ಆದರೆ ನಮ್ಮ ವಕೀಲರು ವಾದ ಮಾಡುವ ದಿನ ಅದೇ ಪ್ರಶ್ನೆಗೆ ತಿರುಗಿ ಬಂದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯನ್ನು ತೆಗೆದು ಓದಿದರು. ನನ್ನ ಬದುಕಿನಲ್ಲಿ ನನ್ನ ಕೆಲಸದ ಬಗ್ಗೆ ಯಾರೋ ಬರೆದದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ದಿಮೆಗೆ ಆ ಕಾಯ್ದೆ ಅನ್ವಯಿಸುತ್ತಿತ್ತು. ಏಳೆಂಟು ಗಾಡಿಯ ನಮ್ಮ ಮಾಲಕರಿಗೂ ಅನ್ವಯಿಸುತ್ತಿತ್ತು. ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು. ದೂರದ ದಾರಿಗೆ, ಹಬ್ಬ ಹರಿದಿನಕ್ಕೆ ಅಪ್ಪಣೆ ಪಡೆದು ಹತ್ತು ತಾಸು, ವಾರಕ್ಕೆ 54. ಐದು ತಾಸು ಆಗುವುದರೊಳಗೆ ಅರ್ಧ ತಾಸಾದರೂ ವಿಶ್ರಾಂತಿ. ಇವತ್ತಿನ ಕೆಲಸ ಮುಗಿದದ್ದಕ್ಕೂ ನಾಳಿನದು ಶುರುವಾಗುವುದಕ್ಕೂ ನಡುವೆ ಒಂಬತ್ತು ತಾಸು ಬಿಡುವು. ವಾರಕ್ಕೊಂದು ರಜೆ. ಹೆಚ್ಚಿನ ತಾಸಿಗೆ ಎರಡು ಪಟ್ಟು ಕೂಲಿ. ಮೋಟಾರು ವಾಹನ ಕಾಯ್ದೆಯ 91ನೆಯ ಕಲಮು ಡ್ರೈವರುಗಳ ಕೆಲಸದ ತಾಸಿಗೆ ಇದನ್ನೇ ಕಟ್ಟಿಹಾಕಿತ್ತು.

ಎಲ್ಲಕ್ಕಿಂತ ನನಗೆ ನಾಟಿದ್ದು ಕೆಲಸದ ತಾಸು ಅಂದರೆ ಯಾವುದು ಎಂಬ ವಿವರಣೆ. ಮಾಲಕನ ಹುಕುಮಿನಲ್ಲಿ ಇರುವ ಹೊತ್ತೆಲ್ಲ ಕೆಲಸದ ಹೊತ್ತು ಎಂದು ಅದರಲ್ಲಿ ಬರೆದಿದ್ದರು. ಗಾಡಿ ಓಡದೇ ನಿಂತಾಗ ಗಾಡಿಗಾಗಿ, ಅದರ ಸರಕಿಗಾಗಿ ಮಾಡುವ ಪೂರಕ ಕೆಲಸವೂ ಕೆಲಸವೇ. ಲೆಕ್ಕ ಬರೆಯುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಗಾಡಿ ರಿಪೇರಿ ನೋಡಿಕೊಳ್ಳುವುದು, ತುಂಬುವುದು, ಇಳಿಸುವುದು ಎಲ್ಲ ಹೆಸರು ಹಿಡಿದು ಹೇಳಿದ್ದರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು ದಿಲ್ಲಿಯಲ್ಲಿ ಕುಳಿತ ಯಾರೋ, ಹಗ್ಗ ಬಿಗಿಯುವವನನ್ನೂ ನೆನಪಿಟ್ಟು ಬರೆದಿದ್ದರು. ಅರವತ್ತು ವರ್ಷದಲ್ಲಿ ಆ ಮಾತು ಅಫಜಲಪುರದ ಒಬ್ಬ ಡ್ರೈವರನ ಕಿವಿಗೂ ಬಿದ್ದಿರಲಿಲ್ಲ. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಅತ್ತೆ. ಅಳುವುದಕ್ಕೆ ನಾಚಿಕೆ ಅನಿಸಲಿಲ್ಲ.

ಆದೇಶ 2025ರಲ್ಲಿ ಬಂತು. ಲೆಕ್ಕ ಹೇಗೆ ಹಾಕಿದರು ಎಂದು ಎಲ್ಲ ಡ್ರೈವರುಗಳಿಗೂ ಗೊತ್ತಿರಬೇಕು ಎಂದು ಬರೆಯುತ್ತೇನೆ. ಈ ಲೆಕ್ಕಕ್ಕೆ ತಿಂಗಳ ಪಗಾರವನ್ನು ಗರಿಷ್ಠ 15,000 ರೂಪಾಯಿ ಎಂದೇ ಹಿಡಿಯುತ್ತಿದ್ದರು, 2020ರ ಜನವರಿಯಿಂದ ಆ ಮಿತಿ ಇತ್ತು. ಪೂರ್ಣ ಅಂಗವೈಕಲ್ಯಕ್ಕೆ ಅದರ ನೂರಕ್ಕೆ 60, ಅಂದರೆ 9,000. ಅದನ್ನು ವಯಸ್ಸಿನ ಅಂಕಿಯಿಂದ ಗುಣಿಸಬೇಕು. ಬಿದ್ದಾಗ ನನಗೆ 40 ವರ್ಷ, ಕಾಯ್ದೆಯ ಪಟ್ಟಿಯಲ್ಲಿ ಅದಕ್ಕೆ 184.17. ಗುಣಿಸಿದರೆ 16,57,530 ರೂಪಾಯಿ. ಪೂರ್ಣ ಅಲ್ಲದಿದ್ದರೆ ಗಳಿಕೆಯ ಶಕ್ತಿ ಎಷ್ಟು ಹೋಯಿತು ಎಂದು ನೋಡಿ ಅಷ್ಟು ಪಾಲು. ಡಾಕ್ಟರ ಸರ್ಟಿಫಿಕೇಟಿನಲ್ಲಿ ನನ್ನ ದೇಹದ ಊನ ನೂರಕ್ಕೆ 40 ಎಂದಿತ್ತು. ದೇಹದ ಊನ ಬೇರೆ, ಗಳಿಕೆಯ ನಷ್ಟ ಬೇರೆ ಎಂದು ನಮ್ಮ ವಕೀಲರು ವಾದಿಸಿದರು. ಎಡಗೈ ಕಳೆದುಕೊಂಡ ಬಡಗಿಗೆ ಒಂದು ಕೈ ಉಳಿದಿದೆ ಎಂದು ಪರಿಹಾರ ಕಡಿಮೆ ಮಾಡಲಾಗದು, ಬಡಗಿಯಾಗಿ ಅವನು ಮುಗಿದ ಎಂದು ಸುಪ್ರೀಂ ಕೋರ್ಟು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಹೇಳಿದ್ದನ್ನು ಮುಂದಿಟ್ಟರು. ನನ್ನ ವಿಷಯದಲ್ಲಿ ನ್ಯಾಯಾಲಯ ನೂರಕ್ಕೆ 60 ಎಂದು ಹಿಡಿಯಿತು. 9,94,518 ರೂಪಾಯಿ, ಅದರ ಮೇಲೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ, ಔಷಧದ ಬಿಲ್ಲು ಬೇರೆ. ಅಸಲು, ಬಡ್ಡಿ ಎರಡನ್ನೂ ವಿಮಾ ಕಂಪನಿ ಕಟ್ಟಿತು.

ಸಾಲ ತೀರಿತು. ಮಗ ಮತ್ತೆ ಶಾಲೆಗೆ ಹೋದ, ಎರಡು ವರ್ಷ ಹಿಂದೆ ಬಿದ್ದಿದ್ದಾನೆ, ಆದರೂ ಹೋಗುತ್ತಿದ್ದಾನೆ. ಊರಿನಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ ಹಾಕಿದ್ದೇನೆ. ಹತ್ತು ನಿಮಿಷ ನಿಂತರೆ ಹಿಮ್ಮಡಿ ಸುಡುತ್ತದೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಗಾಡಿ ಹೊಡೆಯಲು ಆಗುವುದಿಲ್ಲ. ರಾತ್ರಿ ಕಬ್ಬಿನ ಗಾಡಿಗಳು ಹೋಗುವ ಸದ್ದು ಕೇಳಿದರೆ ಎಚ್ಚರವಾಗುತ್ತದೆ.

ಆ 1961ರ ಕಾಯ್ದೆ ಈಗ ಇಲ್ಲ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 1923ರ ಪರಿಹಾರ ಕಾಯ್ದೆ ಅವುಗಳಲ್ಲೊಂದರಲ್ಲಿ, 1961ರದ್ದು ಇನ್ನೊಂದರಲ್ಲಿ ಕರಗಿವೆ. ಪೂರಕ ಕೆಲಸವೂ ಕೆಲಸ ಎಂಬ ಮಾತನ್ನು ಅದರಲ್ಲಿ ಉಳಿಸಿದ್ದಾರೆ, ನೇಮಕ ಪತ್ರ ಕೊಡಲೇಬೇಕು ಎಂದು ಸೇರಿಸಿದ್ದಾರೆ. ಇವೆರಡೂ ಒಳ್ಳೆಯವು. ಆದರೆ ಐದು ಕಾರ್ಮಿಕರು ಎಂದಿದ್ದದ್ದು ಹತ್ತು ಆಗಿದೆ. ನಮ್ಮ ಕಡೆ ಹತ್ತು ಜನರನ್ನು ಇಟ್ಟುಕೊಂಡ ಮಾಲಕರು ಎಷ್ಟು ಮಂದಿ? ಎರಡು ಗಾಡಿ, ನಾಲ್ಕು ಗಾಡಿ, ಏಳು ಗಾಡಿಯವರೇ ಹೆಚ್ಚು. ನಾನು ಬಿದ್ದಾಗ ನನ್ನನ್ನು ಎಣಿಸಿದ್ದ ಕಾನೂನು ಇವತ್ತು ಅದೇ ಕ್ಯಾಬಿನ್ನಿನಲ್ಲಿ ಕುಳಿತ ಹುಡುಗನನ್ನು ಎಣಿಸುವುದಿಲ್ಲ. ಇದು ಅನ್ಯಾಯ, ಇದನ್ನು ತಿದ್ದಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವೂ ಇಲ್ಲದೆ ರಾತ್ರಿಯೆಲ್ಲ ಓಡುವ ಟ್ರ್ಯಾಕ್ಟರ್ ಹುಡುಗರ ತಾಸನ್ನಂತೂ ಯಾವ ಪುಸ್ತಕದಲ್ಲೂ ಯಾರೂ ಬರೆಯುವುದಿಲ್ಲ. ಅವರಲ್ಲಿ ನನ್ನ ತಮ್ಮನೂ ಒಬ್ಬ.

ರಾಜ್ಯ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಬೇರೆಯೇ ಕಾಯ್ದೆ ಮಾಡಿದೆ. ಡ್ರೈವರ್, ಕ್ಲೀನರ್ ಮಾತ್ರವಲ್ಲ, ಗ್ಯಾರೇಜಿನವರು, ಪಂಕ್ಚರ್ ಹಾಕುವವರು ಕೂಡ ಅದರಲ್ಲಿ ಬರುತ್ತಾರೆ. ಹೆಸರು ನೋಂದಾಯಿಸಿಕೊಳ್ಳಿ. ಅಂಗಡಿಗೆ ಬರುವ ಹುಡುಗರಿಗೆ ನಾನು ಹೇಳುತ್ತಲೇ ಇರುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಬೀಡಿ ಕಟ್ಟು ತೆಗೆದುಕೊಂಡು ಹೋಗಿಬಿಡುತ್ತಾರೆ.

ಗಾಡಿ ಮೇಲಿರುವ ಅಣ್ಣ ತಮ್ಮಂದಿರೇ, ಸಾಲಿನಲ್ಲಿ ನಿಂತದ್ದು ಎಷ್ಟು ಗಂಟೆಗೆ, ಹೊರಟದ್ದು ಎಷ್ಟಕ್ಕೆ, ಇಳಿಸಿದ್ದು ಎಷ್ಟಕ್ಕೆ ಎಂದು ಒಂದು ಸಣ್ಣ ಡೈರಿಯಲ್ಲಿ ನೀವೇ ಬರೆದಿಡಿ. ಬಿಲ್ಟಿಯ ಫೋಟೋ ಅಳಿಸಬೇಡಿ. ದುಡ್ಡು ಕೈಯಲ್ಲಿ ಬೇಡ, ಫೋನಿಗೆ ಹಾಕಿ ಎನ್ನಿ. ಗಾಡಿಯ ವಿಮೆಯ ಒಂದು ನಕಲನ್ನು ಮನೆಯಲ್ಲಿಡಿ. ಗಾಯವಾದರೆ ಆಸ್ಪತ್ರೆಯ ಕಾಗದದಲ್ಲಿ ಗಾಡಿ ನಂಬರ್ ಮತ್ತು ಏನು ಮಾಡುವಾಗ ಗಾಯವಾಯಿತು ಎಂಬುದನ್ನು ಬರೆಸಿರಿ. ಗಾಡಿ ನಿಂತಿತ್ತು, ಕೇಸ್ ಆಗುವುದಿಲ್ಲ ಎಂದು ಯಾರು ಹೇಳಿದರೂ ನಂಬಬೇಡಿ. ಎರಡು ವರ್ಷ ದಾಟುವುದರೊಳಗೆ ನಿಮ್ಮ ತಾಲೂಕಿನ ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ.